ನಾಲ್ಕು ದಿನದ ರಜೆಗೆ ನಾಲ್ಕು ಸಾವಿರ ಪುಸ್ತಕ

ಆಯುಧಪೂಜೆ ಹತ್ತಿರ ಬಂತೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸ್ಯಾಪ್ ಗುಂಪುಗಳಲ್ಲಿ ಟ್ಯಾಂಕರ್ ನೀರಿನ ದರ, ಪಾರ್ಕಿಂಗ್, ಲಿಫ್ಟಿನಲ್ಲಿ ನಾಯಿ ಇತ್ಯಾದಿ ರಾಷ್ಟ್ರೀಯ ಸಮಸ್ಯೆಗಳೆಲ್ಲ ಹಿಂದೆ ಸರಿಯುತ್ತವೆ. ರಜೆಯಲ್ಲಿ ಓದುವುದು ಕಾಗದದಲ್ಲೋ ಅಮೆಜಾನ್ ಮಾರುವ ಕಿಂಡಲ್ ಎಂಬ ಇ-ರೀಡರಿನಲ್ಲೋ ಎಂಬ ಮಹಾಸಂಗ್ರಾಮ ಮುಂದೆ ಬರುತ್ತದೆ. ಎ ಬ್ಲಾಕಿನವರು ಕಾಗದದ ಪರಿಮಳದ ಪರ, ಬಿ ಬ್ಲಾಕಿನವರು ಬ್ಯಾಟರಿಯ ಪರ. ನಡುವೆ ಯಾರೋ ಪಾಪದವರು 'ಅಲ್ಲಾ, ಓದೋದು ಏನನ್ನು?' ಎಂದು ಕೇಳಿಬಿಟ್ಟರೆ, 'ವಿಷಯಕ್ಕೆ ಬನ್ನಿ ಸಾರ್' ಎಂದು ಅಡ್ಮಿನ್ ಗದರುತ್ತಾರೆ.

ಎರಡೂ ಪಕ್ಷದವರು ಮೊದಲು ಎತ್ತುವುದು ಭಾರದ ಮಾತು. ಸರಿ, ತೂಗಿಯೇ ಬಿಡೋಣ. ಕನ್ನಡದ ಕಾದಂಬರಿ ಸಾಮಾನ್ಯವಾಗಿ ಡೆಮಿ 1/8 ಅಳತೆಯದು: ಸುಮಾರು 14 ಸೆಂ.ಮೀ. ಅಗಲ, 21.5 ಸೆಂ.ಮೀ. ಎತ್ತರ. 300 ಪುಟವೆಂದರೆ 150 ಹಾಳೆ. 70 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 70 ಗ್ರಾಂ ತೂಗುವ ಕಾಗದವಾದರೆ ಒಳಪುಟಗಳೇ 315 ಗ್ರಾಂ ತೂಗುತ್ತವೆ, ರಕ್ಷಾಪುಟ ಸೇರಿ 340ರ ಆಸುಪಾಸು. ಇ-ರೀಡರ್ ಸುಮಾರು 200 ಗ್ರಾಂ. ಬಿ ಬ್ಲಾಕಿಗೆ ಜಯ ಎನ್ನುವಷ್ಟರಲ್ಲಿ ಅದಕ್ಕೊಂದು ಚರ್ಮದ ಕವರ್ ಬರುತ್ತದೆ, ಚಾರ್ಜರ್ ಬರುತ್ತದೆ, ಕೇಬಲ್ ಬರುತ್ತದೆ, 'ಇರಲಿ' ಅಂತ ಪವರ್ ಬ್ಯಾಂಕೂ ಬರುತ್ತದೆ. ಹತ್ತು ಸಾವಿರ ಎಂಎಎಚ್ ಪವರ್ ಬ್ಯಾಂಕ್ ಒಂದೇ ಇ-ರೀಡರಿನಷ್ಟು ತೂಗುತ್ತದೆ. ವಿಮಾನದಲ್ಲಾದರೆ ಅದನ್ನು ಕೆಳಗೆ ಹಾಕುವ ಸೂಟ್‌ಕೇಸಿನಲ್ಲಿ ಇಡುವಂತೆಯೂ ಇಲ್ಲ, ಕೈಚೀಲದಲ್ಲೇ ಹೊರಬೇಕು. ಭಾರ ಕಡಿಮೆ ಮಾಡಲು ಕೊಂಡ ಯಂತ್ರದ ಪರಿವಾರ ಅರ್ಧ ಕಿಲೋ ದಾಟಿತು.

ಇನ್ನು ಸಮಯ. ನಾಲ್ಕು ದಿನಕ್ಕೆ ಸಕಲೇಶಪುರದ ಹೋಂಸ್ಟೇ ಎಂದಿಟ್ಟುಕೊಳ್ಳಿ. ಹೋಗುವ ದಿನ ನೆಲಮಂಗಲದ ಟೋಲ್ ದಾಟುವುದೇ ಒಂದು ಸಾಧನೆ. ಕಾರಿನಲ್ಲಿ ಓದಿದರೆ ಹೊಟ್ಟೆ ತೊಳಸುತ್ತದೆ, ಏಕೆಂದರೆ ಪುಟ ನೋಡುವ ಕಣ್ಣು 'ಅಲುಗಾಡುತ್ತಿಲ್ಲ' ಎನ್ನುತ್ತದೆ, ಒಳಗಿವಿ 'ಅಲುಗಾಡುತ್ತಿದ್ದೇವೆ' ಎನ್ನುತ್ತದೆ. ಈ ಜಗಳಕ್ಕೆ ಕಾಗದವೂ ಒಂದೇ, ಇ-ರೀಡರಿನ ಇ-ಇಂಕ್ ಪರದೆಯೂ ಒಂದೇ. ಎರಡನೆಯ ದಿನ ಕಾಫಿ ತೋಟ, ಜಲಪಾತ, ಜೀಪು, ರಾತ್ರಿ ಬೆಂಕಿ ಸುತ್ತ ಅಂತ್ಯಾಕ್ಷರಿ. ಮೂರನೆಯ ದಿನ ಎರಡನೆಯ ದಿನದ ಫೋಟೊಗಳನ್ನು ಆರಿಸಬೇಕು. ನಾಲ್ಕನೆಯ ದಿನ ಮತ್ತೆ ನೆಲಮಂಗಲ. ಉದಾರವಾಗಿ ಎಣಿಸಿದರೂ ಓದಲು ಉಳಿಯುವುದು ಐದು ಗಂಟೆ. ಗಂಟೆಗೆ 30 ಪುಟದಂತೆ 150 ಪುಟ, ಅಂದರೆ ತೆಳ್ಳನೆಯ ಒಂದು ಪುಸ್ತಕ. ಅಷ್ಟಕ್ಕೆ ಬಿ ಬ್ಲಾಕು ನಾಲ್ಕು ಸಾವಿರ ಪುಸ್ತಕ ಹೊತ್ತು ಹೊರಡುತ್ತದೆ. ವರ್ಷಕ್ಕೆ ಇಂಥ ನಾಲ್ಕು ರಜೆ, ರಜೆಗೊಂದು ಪುಸ್ತಕ ಎಂದರೂ ಅದು ಸಾವಿರ ವರ್ಷದ ಬುತ್ತಿ.

ಎ ಬ್ಲಾಕಿನವರು ಇಲ್ಲಿ ನಗಬೇಕಿಲ್ಲ. ಅವರು ಹೊರುವುದು ಐದು ಪುಸ್ತಕ, ಮುಗಿಸುವುದು ಒಂದರ ಮುನ್ನುಡಿ. ಹಳೆಯ ಪುಸ್ತಕದ ವಾಸನೆಯ ಬಗ್ಗೆ ಅವರು ಬರೆಯುವ ಕವನಸದೃಶ ಸಂದೇಶಗಳಿಗೆ ಒಂದು ಸಣ್ಣ ಟಿಪ್ಪಣಿ: ಆ ಸಿಹಿ ವಾಸನೆ ಬರುವುದು ಕಾಗದದಲ್ಲಿರುವ ಲಿಗ್ನಿನ್, ಸೆಲ್ಯುಲೋಸ್ ಒಡೆದು ಹಾಳಾಗುತ್ತಿರುವುದರಿಂದ. ಅಂದರೆ ಪುಸ್ತಕ ಕೊಳೆಯುತ್ತಿದೆ, ಭಕ್ತರು ಆಘ್ರಾಣಿಸುತ್ತಿದ್ದಾರೆ. ಹೊಸ ಪುಸ್ತಕದ ವಾಸನೆ ಅಂಟು ಮತ್ತು ಶಾಯಿಯದು. ಅದೇ ಬೇಕಿದ್ದರೆ ಬಡಗಿಯ ಅಂಗಡಿಯ ಮುಂದೆ ಐದು ನಿಮಿಷ ನಿಂತರೆ ಸಾಕು.

ವಾಸನೆ ನೋಡುವ ಆ ಹೊತ್ತಿನಲ್ಲಿ ಫಾರಂ ನೋಡಿದ್ದರೆ ಉಪಯೋಗವಿತ್ತು. ಪುಸ್ತಕ ಅಚ್ಚಾಗುವುದು ಒಂದೊಂದೇ ಪುಟವಾಗಿ ಅಲ್ಲ, 16 ಪುಟದ ಫಾರಂಗಳಾಗಿ. ದೊಡ್ಡ ಹಾಳೆಯ ಎರಡೂ ಬದಿ ಅಚ್ಚು ಹಾಕಿ, ಮಡಚಿ, ಫಾರಂಗಳನ್ನು ಸಾಲಾಗಿ ಜೋಡಿಸಿ, ಬೆನ್ನಿಗೆ ಅಂಟು ಬಳಿಯುತ್ತಾರೆ. ಜೋಡಿಸುವವರ ಕೈ ತಪ್ಪಿದರೆ ಒಂದು ಫಾರಂ ಬಿಟ್ಟುಹೋಗುತ್ತದೆ, ಇಲ್ಲವೇ ಎರಡು ಸಲ ಬರುತ್ತದೆ. ಪುಟ 96 ಆದ ಮೇಲೆ ನೇರ 113. ಪತ್ತೇದಾರಿ ಕಾದಂಬರಿಯಾದರೆ ಕೊಲೆ ಆ ಹದಿನಾರು ಪುಟದಲ್ಲೇ ಆಗಿರುತ್ತದೆ, ಇದರಲ್ಲಿ ಅನುಮಾನ ಬೇಡ. ಅಂಗಡಿಯಲ್ಲೇ 16-17, 32-33, 48-49, 64-65 ಹೀಗೆ ಸಂಧಿಗಳನ್ನು ತಿರುವಿ ನೋಡಲು ಎರಡು ನಿಮಿಷ ಸಾಕು. ಗಾಂಧಿ ಬಜಾರಿನ ಅಂಗಡಿಯವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ, ಬೇರೆ ಪ್ರತಿ ತೆಗೆದುಕೊಡುತ್ತಾರೆ. ಹೋಂಸ್ಟೇಯ ಜಗಲಿಯಲ್ಲಿ ಗೊತ್ತಾದರೆ ಕೊಡುವವರಿಲ್ಲ.

ಇನ್ನೊಂದು, ಬೆನ್ನು. ಈಗಿನ ಬಹುಪಾಲು ಪುಸ್ತಕಗಳಿಗೆ ಹೊಲಿಗೆಯಿಲ್ಲ. ಫಾರಂಗಳ ಬೆನ್ನು ಕತ್ತರಿಸಿ ಬಿಸಿ ಅಂಟು ಹಾಕಿರುತ್ತಾರೆ. ಕೊಂಡ ದಿನವೇ ನಟ್ಟನಡುವೆ ತೆರೆದು, ಮಂಡಿಗೆ ಒತ್ತಿ, ಪಕ್ಕದಲ್ಲಿ ಫಿಲ್ಟರ್ ಕಾಫಿಯ ಲೋಟ ಇಟ್ಟು ಫೋಟೊ ತೆಗೆದರೆ ಅಂಟು ಅಲ್ಲೇ ಬಿರಿಯುತ್ತದೆ, ಮೂರನೆಯ ದಿನಕ್ಕೆ ಹಾಳೆ ಕೈಗೆ ಬರುತ್ತದೆ. ಮೊದಲು ಮುಂದಿನ ಒಂದಷ್ಟು ಹಾಳೆ, ಆಮೇಲೆ ಹಿಂದಿನ ಒಂದಷ್ಟು, ಹೀಗೆ ಎರಡೂ ಕಡೆಯಿಂದ ಮೆಲ್ಲಗೆ ಒತ್ತುತ್ತಾ ನಡುವಿಗೆ ಬರಬೇಕು. ಆದರೆ ಹಾಗೆ ತೆರೆದ ಪುಸ್ತಕ ಫೋಟೊದಲ್ಲಿ ಚೆನ್ನಾಗಿ ಬೀಳುವುದಿಲ್ಲ.

ಈಗ ಬಿ ಬ್ಲಾಕಿನ ಬ್ಯಾಟರಿ. 'ಒಂದು ಸಲ ಚಾರ್ಜ್ ಮಾಡಿದರೆ ಆರು ವಾರ' ಎಂಬ ಜಾಹೀರಾತಿನ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಒಂದು ಷರತ್ತು ಇರುತ್ತದೆ: ದಿನಕ್ಕೆ ಅರ್ಧ ಗಂಟೆ ಓದು, ವೈಫೈ ಬಂದ್, ಬೆಳಕು 13ನೇ ಮಟ್ಟದಲ್ಲಿ. ಆರು ವಾರಕ್ಕೆ 42 ದಿನ, ದಿನಕ್ಕೆ ಅರ್ಧ ಗಂಟೆ, ಒಟ್ಟು 21 ಗಂಟೆ. ಇದು ಕಡಿಮೆಯೇನಲ್ಲ. ಇ-ಇಂಕ್ ಪರದೆ ವಿದ್ಯುತ್ ತಿನ್ನುವುದು ಪುಟ ಬದಲಾಗುವಾಗ ಮಾತ್ರ. ಕಪ್ಪು-ಬಿಳಿ ಕಣಗಳು ಒಮ್ಮೆ ಜಾಗ ಹಿಡಿದರೆ ವಿದ್ಯುತ್ ಇಲ್ಲದೆಯೂ ಅಲ್ಲೇ ಕೂರುತ್ತವೆ. ಮುಳ್ಳಾಗುವುದು ವೈಫೈ. ಮಲೆನಾಡಿನಲ್ಲಿ ಸಿಗ್ನಲ್ ಇಲ್ಲದೆ ಹುಡುಕಿ ಹುಡುಕಿ ಬ್ಯಾಟರಿ ಸುಸ್ತಾಗುತ್ತದೆ. ಅಲ್ಲದೆ ಪಟ್ಟಿಯಲ್ಲಿ ಮುಖಪುಟ ಕಂಡ ಮಾತ್ರಕ್ಕೆ ಪುಸ್ತಕ ಯಂತ್ರದೊಳಗಿದೆ ಎಂದಲ್ಲ. ಹೊರಡುವ ಹಿಂದಿನ ರಾತ್ರಿ ಬೇಕಾದ್ದನ್ನು ಇಳಿಸಿಕೊಂಡು, ಏರೋಪ್ಲೇನ್ ಮೋಡ್ ಒತ್ತಿ, ಪ್ರತಿ ಪುಸ್ತಕವನ್ನೂ ಒಮ್ಮೆ ತೆರೆದು ನೋಡಬೇಕು. ಕೊನೆಯ ಕ್ಷಣದಲ್ಲಿ ಅಪ್ಡೇಟ್ ಕೊಡಬಾರದು. ಚೀಲದಲ್ಲಿ ಇಡುವಾಗ ಪರದೆ ಗಟ್ಟಿ ವಸ್ತುವಿಗೆ ತಾಗಬಾರದು. ಒಳಗಿನ ಪದರ ಸಾಮಾನ್ಯವಾಗಿ ತೆಳು ಗಾಜು, ಹಿಂಬದಿಯ ಸೀಟಿನವರು ಚೀಲದ ಮೇಲೆ ಕೂತರೆ ಮೇಲ್ಮೈಯಲ್ಲಿ ಗೀರೂ ಇಲ್ಲದೆ ಒಳಗೆ ಒಡೆದಿರುತ್ತದೆ. ಮೂಲೆಯಲ್ಲಿ ಕಪ್ಪು ಗೆರೆ ಬಂತೆಂದರೆ ರಿಪೇರಿಗಿಂತ ಹೊಸದೇ ಅಗ್ಗ.

ಗೋಕರ್ಣಕ್ಕೆ ಹೋಗುವವರಿಗೆ 'ವಾಟರ್‌ಪ್ರೂಫ್' ಎಂಬ ಧೈರ್ಯ. ಕಿಂಡಲ್ ಪೇಪರ್‌ವೈಟ್ ಮಾದರಿಯ ವಿವರ ಓದಿದರೆ ಸಿಹಿನೀರಿನಲ್ಲಿ 2 ಮೀಟರ್ ಆಳದಲ್ಲಿ 60 ನಿಮಿಷ, ಸಮುದ್ರದ ನೀರಿನಲ್ಲಿ ಕಾಲು ಮೀಟರ್ ಆಳದಲ್ಲಿ 3 ನಿಮಿಷ ಎಂದಿದೆ. ಬಿದ್ದರೆ ಸಿಹಿನೀರಲ್ಲಿ ತೊಳೆದು, ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕದೆ ಕಾಯಬೇಕು. ಮರಳಿನ ಬಗ್ಗೆ ಈ ಭರವಸೆ ಏನನ್ನೂ ಹೇಳುವುದಿಲ್ಲ, ಮರಳು ಸೇರುವುದು ನೇರ ಚಾರ್ಜಿಂಗ್ ಕಿಂಡಿಗೆ.

ಕೊಂಡ ಪುಸ್ತಕ ಕೊಂಡವರದ್ದೇ ಎಂಬ ಭ್ರಮೆಯೂ ಬಿ ಬ್ಲಾಕಿನಲ್ಲಿದೆ. 2009ರ ಜುಲೈನಲ್ಲಿ ಅಮೆಜಾನ್ ಗ್ರಾಹಕರ ಕಿಂಡಲ್‌ಗಳಿಂದ ಕೆಲವು ಪುಸ್ತಕಗಳನ್ನು ದೂರದಿಂದಲೇ ಅಳಿಸಿಹಾಕಿತು, ಮಾರಿದವರಿಗೆ ಹಕ್ಕಿರಲಿಲ್ಲವೆಂದು. ಅಳಿದವುಗಳಲ್ಲಿ ಒಂದು, ಬೇಡದ ದಾಖಲೆಗಳನ್ನು ಪ್ರಭುತ್ವವೇ ಅಳಿಸಿಹಾಕುವ ಕಥೆಯಿರುವ ಆರ್ವೆಲ್‌ನ ಕಾದಂಬರಿ '1984'. ವಿಡಂಬನೆ ಬರೆಯುವವರ ಹೊಟ್ಟೆಯ ಮೇಲೆ ಹೊಡೆಯುವಂಥ ಘಟನೆ ಅದು, ಸೇರಿಸಲು ಏನೂ ಉಳಿಸಿಲ್ಲ. ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿ ಯುಎಸ್‌ಬಿ ಮೂಲಕ ವರ್ಗಾಯಿಸುವ ಸೌಲಭ್ಯವನ್ನೂ 2025ರ ಫೆಬ್ರುವರಿ 26ರಂದು ತೆಗೆದರು.

ಇಷ್ಟೆಲ್ಲ ವಾದ ನಡೆಯುವಾಗ ಕನ್ನಡ ಓದುವವರು ಎಲ್ಲಿದ್ದಾರೆ? ಬಾಗಿಲಾಚೆ. 2016ರ ಡಿಸೆಂಬರಿನಲ್ಲಿ ಕಿಂಡಲ್‌ಗೆ ಭಾರತೀಯ ಭಾಷೆಗಳು ಬಂದವು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಕಂಪನಿಯ ಭಾರತದ ಮುಖ್ಯ ಕಚೇರಿ ಆಗ ಇದ್ದದ್ದು ಮಲ್ಲೇಶ್ವರದ ಮಗ್ಗುಲಲ್ಲಿ, ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ. ಕಿಟಕಿ ತೆರೆದರೆ ಕನ್ನಡ ಕೇಳಿಸುವಷ್ಟು ಹತ್ತಿರ. ಬಹುಶಃ ಏಸಿ ಇದ್ದುದರಿಂದ ಕಿಟಕಿ ತೆರೆಯುತ್ತಿರಲಿಲ್ಲ.

ಎಲ್ಲ ಪಾಪವನ್ನೂ ಅವರ ತಲೆಗೇ ಕಟ್ಟಲಾಗದು. ಎಲ್ಲ ಭಾಷೆಯ ಅಕ್ಷರಗಳಿಗೂ ಕಂಪ್ಯೂಟರಿನಲ್ಲಿ ಒಂದೊಂದು ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೇ ಇದೆ. ನಮ್ಮ ಪ್ರಕಾಶನಗಳ ಡಿಟಿಪಿ ಕೋಣೆಗಳಲ್ಲಿ ಮಾತ್ರ ಪುಟ ಜೋಡಿಸುವ ಹಳೆಯ ತಂತ್ರಾಂಶ ಪೇಜ್‌ಮೇಕರ್ ಮತ್ತು ಯೂನಿಕೋಡಿಗೂ ಹಿಂದಿನ ಆಸ್ಕಿ ಫಾಂಟುಗಳು ಇನ್ನೂ ರಾಜ್ಯಭಾರ ಮಾಡುತ್ತಿವೆ. ಆ ಕಡತದಲ್ಲಿ ಇರುವುದು ಕನ್ನಡ ಅಕ್ಷರವಲ್ಲ, ಲ್ಯಾಟಿನ್ ಅಕ್ಷರಕ್ಕೆ ತೊಡಿಸಿದ ಕನ್ನಡದ ವೇಷ. ಫಾಂಟ್ ಕಳಚಿದರೆ 'ಕನ್ನಡ' ಎಂಬ ಪದದ ನಟ್ಟನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆ ಕೂತಿರುತ್ತದೆ. ಈ ಕಡತವನ್ನು ಇ-ಪುಸ್ತಕ ಮಾಡಬೇಕೆಂದರೆ ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು. ಆಗ ಅರ್ಕಾವೊತ್ತು ಜಾಗ ತಪ್ಪುತ್ತದೆ, ಒತ್ತಕ್ಷರಗಳು ಪಕ್ಕದ ಮನೆಗೆ ಹೋಗುತ್ತವೆ, ಸಾಲಿನ ಕೊನೆಯಲ್ಲಿ ಕೈಯಾರೆ ಹಾಕಿದ ಅಡ್ಡಗೆರೆಗಳು ಸಾಲಿನ ನಡುವೆ ಬಂದು ನಿಲ್ಲುತ್ತವೆ. ಆದ್ದರಿಂದ ಮತ್ತೊಮ್ಮೆ ಕರಡು ತಿದ್ದಬೇಕು. ಒಮ್ಮೆ ತಿದ್ದುವುದೇ ಕಷ್ಟವಾಗಿರುವ ಕಡೆ ಎರಡನೆಯ ಸಲ ಯಾರು ತಿದ್ದುತ್ತಾರೆ?

'ಪಿಡಿಎಫ್ ಇದೆಯಲ್ಲಾ' ಎನ್ನುತ್ತದೆ ಬಿ ಬ್ಲಾಕು. ಆರಿಂಚಿನ ಪರದೆ 9 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರ. ಡೆಮಿ ಪುಟವನ್ನು ಅದರಲ್ಲಿ ಕೂಡಿಸಿದರೆ 12 ಪಾಯಿಂಟಿನ ಅಕ್ಷರ 7ಕ್ಕೆ ಇಳಿಯುತ್ತದೆ, ಒತ್ತುಗಳು ಸೊಳ್ಳೆಯ ಕಾಲಿನಂತೆ ಕಾಣುತ್ತವೆ. ಉಪಾಯ ಇದೆ: ಅಂಚಿನ ಬಿಳಿ ಜಾಗ ಕತ್ತರಿಸಿ, ಪರದೆಯನ್ನು ಅಡ್ಡ ಮಾಡಿದರೆ ಅಕ್ಷರ ಮೂಲದಷ್ಟೇ ಕಾಣುತ್ತದೆ, ಆದರೆ ಒಂದು ಪುಟಕ್ಕೆ ಎರಡು-ಮೂರು ಸಲ ಒತ್ತಬೇಕು. ಆಂಡ್ರಾಯ್ಡ್ ಇರುವ ಇ-ಇಂಕ್ ಯಂತ್ರ ಕೊಂಡರೆ ಕನ್ನಡ ಇ-ಪುಸ್ತಕದ ಆ್ಯಪ್‌ಗಳು, ಗೂಗಲ್ ಪ್ಲೇ ಬುಕ್ಸ್ ಎಲ್ಲ ನಡೆಯುತ್ತವೆ. ಬೆಲೆ ಹೆಚ್ಚು, ಬ್ಯಾಟರಿ ಕಡಿಮೆ. ಕೊಳ್ಳುವ ಮುನ್ನ ಅದರಲ್ಲಿ 'ರಾಷ್ಟ್ರ, ಸ್ತ್ರೀ, ಸೂರ್ಯ, ಕರ್ನಾಟಕ' ಇಷ್ಟನ್ನು ತೆರೆಸಿ ನೋಡಿ. ಫಾಂಟ್ ಇದ್ದ ಮಾತ್ರಕ್ಕೆ ಆಗಲಿಲ್ಲ, ಒತ್ತು ಕೂಡಿಸುವ ಬುದ್ಧಿಯೂ ಯಂತ್ರಕ್ಕೆ ಬೇಕು. ಇಲ್ಲದಿದ್ದರೆ 'ಅಕ್ಕ' 'ಅಕ್‌ಕ' ಆಗಿ ಬಿಕ್ಕಳಿಸುತ್ತಾಳೆ.

ತೆರಿಗೆ ಇಲಾಖೆಯ ಸಾಹಿತ್ಯ ವಿಮರ್ಶೆ ಇವೆಲ್ಲಕ್ಕಿಂತ ಒಂದು ಕೈ ಮೇಲು. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಶೂನ್ಯ. ಅದೇ ಪುಸ್ತಕದ ಇ-ರೂಪಕ್ಕೆ ಶೇ 5, ಅದೂ ಅಚ್ಚಿನ ಪ್ರತಿ ಇದ್ದರೆ ಮಾತ್ರ. ಅಚ್ಚು ಹಾಕಿಸಲು ಕಾಸಿಲ್ಲದೆ ಇ-ಪುಸ್ತಕವನ್ನಷ್ಟೇ ತಂದ ಹೊಸ ಕವಿಗೆ ಶೇ 18. ಮರ ಕಡಿಯದಿದ್ದುದಕ್ಕೆ ದಂಡ ಎಂದು ರಸೀದಿಯಲ್ಲಿ ಬರೆಯುವುದೊಂದು ಬಾಕಿ. ಹಾಗಂತ ಅಚ್ಚಿನವರು ಬೀಗುವಂತಿಲ್ಲ: 2025ರ ಸೆಪ್ಟೆಂಬರ್ 22ರಿಂದ ಶಾಲೆಯ ನೋಟ್‌ಬುಕ್ಕಿಗೆ ತೆರಿಗೆ ಇಲ್ಲ, ಪುಸ್ತಕ ಅಚ್ಚಾಗುವ ಕಾಗದಕ್ಕೆ ಶೇ 12 ಇದ್ದದ್ದು 18 ಆಯಿತು. ಪುಸ್ತಕಕ್ಕೆ ತೆರಿಗೆ ಇಲ್ಲವಾದ್ದರಿಂದ ಕಾಗದಕ್ಕೆ ಕಟ್ಟಿದ್ದನ್ನು ಪ್ರಕಾಶಕರು ವಾಪಸು ಪಡೆಯುವಂತೆಯೂ ಇಲ್ಲ. ಖಾಲಿ ಪುಟಕ್ಕೆ ವಿನಾಯಿತಿ, ಅಕ್ಷರ ಬಿದ್ದರೆ ಸುಂಕ.

ದುಡ್ಡು ಕೊಡದೆ ಓದುವ ದಾರಿಯೂ ಈ ಊರಲ್ಲಿದೆ, ಅದಕ್ಕೆ ದುಡ್ಡು ಕಟ್ಟಿಯೂ ಆಗಿದೆ. ಪ್ರತಿ ಮನೆಯವರೂ ಆಸ್ತಿ ತೆರಿಗೆಯ ಜೊತೆಗೆ ಅದರ ಶೇ 6ರಷ್ಟು ಗ್ರಂಥಾಲಯ ಕರ ತೆರುತ್ತಾರೆ. ಎ ಬ್ಲಾಕ್, ಬಿ ಬ್ಲಾಕ್ ಇಬ್ಬರೂ. ಪಾಲಿಕೆ ಹೀಗೆ ವಸೂಲಿ ಮಾಡಿದ್ದರಲ್ಲಿ ನೂರಾರು ಕೋಟಿಯನ್ನು ಗ್ರಂಥಾಲಯ ಇಲಾಖೆಗೆ ಕೊಡದೆ ಬಾಕಿ ಉಳಿಸಿಕೊಂಡ ಸುದ್ದಿ ವರ್ಷ ಬಿಟ್ಟು ವರ್ಷ ಪತ್ರಿಕೆಗಳಲ್ಲಿ ಬಂದಿದೆ. ಆದರೂ ಬಡಾವಣೆಯ ಶಾಖಾ ಗ್ರಂಥಾಲಯದಲ್ಲಿ ಕನ್ನಡ ಪುಸ್ತಕಗಳ ಕಪಾಟು ಇದ್ದೇ ಇರುತ್ತದೆ, ಫಾರಂ ಕಾಣೆಯಾದ ಪ್ರತಿಗಳನ್ನು ಹಿಂದಿನ ಓದುಗರು ಅಂಚಿನಲ್ಲಿ ಪೆನ್ಸಿಲಿನಿಂದ ಗುರುತಿಸಿಯೂ ಇರುತ್ತಾರೆ. 150 ಪುಟದ್ದೊಂದನ್ನು ಆರಿಸಿಕೊಂಡರೆ ಸಕಲೇಶಪುರಕ್ಕೆ ಸಾಕು. ಹೋಗುವವರು ಹಬ್ಬಕ್ಕೆ ಎರಡು ದಿನ ಮುಂಚೆಯೇ ಹೋಗಿ. ಸೋಮವಾರ ಬೇಡ, ಅಂದು ವಾರದ ರಜೆ. ಆಯುಧಪೂಜೆ, ವಿಜಯದಶಮಿಗೂ ಬಾಗಿಲು ಹಾಕಿರುತ್ತದೆ, ಸರ್ಕಾರಿ ರಜೆ.