ಗೆದ್ದವರ ಪಟ್ಟಿಯಲ್ಲಿ ಸಿಗದ ಕೋಚ್

ಇಟಲಿಯ ಫುಟ್‌ಬಾಲ್ ಕೋಚ್ ಅಂದ ಕೂಡಲೇ ಎಲ್ಲರೂ ಆಂಚೆಲೊಟ್ಟಿ, ಕೊಂಟೆ ಅಂತ ಶುರು ಮಾಡುತ್ತಾರೆ. ನನಗೆ ಇಷ್ಟವಾದ ಹೆಸರು ಬೇರೆ. ದಾವಿದೆ ನಿಕೋಲಾ. ಕಪ್ ಎತ್ತಿ ಹೆಸರು ಮಾಡಿದವನಲ್ಲ. ಮುಳುಗುವ ತಂಡಗಳನ್ನು ದಡಕ್ಕೆ ಎಳೆಯುವುದೇ ಇವನ ಕಸುಬು.

ಆಟಗಾರನಾಗಿದ್ದಾಗ ಡಿಫೆಂಡರ್. ಜೆನೋವಾದಲ್ಲಿ ಬೆಳೆದು ಆಂಡ್ರಿಯಾ, ಅಂಕೋನಾ, ಪೆಸ್ಕಾರಾ, ತೆರ್ನಾನಾ, ಸಿಯೆನಾ ಅಂತ ಊರೂರು ಸುತ್ತಿದ. ರಾಷ್ಟ್ರೀಯ ತಂಡದ ಕರೆ ಬರಲೇ ಇಲ್ಲ. ಜನ ನೆನಪಿಟ್ಟುಕೊಂಡಿದ್ದು ಒಂದೇ ಗೋಲು. 2006ರಲ್ಲಿ ಮಾಂತೊವಾ ವಿರುದ್ಧ ಪ್ಲೇಆಫ್ ಫೈನಲ್. ಮೊದಲ ಪಂದ್ಯವನ್ನು 4-2ರಿಂದ ಸೋತಿದ್ದ ತೊರಿನೋ, ಅಂದರೆ ಆಗ ಇವನಿದ್ದ ತಂಡ, ಎರಡನೆಯದನ್ನು 3-1ರಿಂದ ಗೆದ್ದು ಇಟಲಿಯ ಅತಿ ಮೇಲಿನ ಲೀಗ್ ಆದ ಸೀರಿ ಎ ಸೇರಿತು. ಹೆಚ್ಚುವರಿ ಅವಧಿಯಲ್ಲಿ ಬಂದ ಆ ಮೂರನೇ ಗೋಲು ಇವನದು.

ಕೊನೆಗೆ ಲುಮೆತ್ಸಾನೆ ಎಂಬ ಸಣ್ಣ ಕ್ಲಬ್‌ನಲ್ಲಿ ಆಟ ಮುಗಿಸಿ, 2010ರಲ್ಲಿ ಅಲ್ಲೇ ಕೋಚ್ ಆದ. 2013ರಲ್ಲಿ ಲಿವೋರ್ನೊವನ್ನು ಸೀರಿ ಎಗೆ ಏರಿಸಿದ. ಮರುವರ್ಷ ಜನವರಿಯಲ್ಲಿ ಅದೇ ಕ್ಲಬ್ ಮನೆಗೆ ಕಳಿಸಿತು, ಏಪ್ರಿಲ್‌ನಲ್ಲಿ ವಾಪಸ್ ಕರೆಯಿತು! ಆ ಬೇಸಿಗೆಯಲ್ಲೇ ಅವನ 14 ವರ್ಷದ ಮಗ ಸೈಕಲ್‌ನಲ್ಲಿ ಹೋಗುವಾಗ ಅಪಘಾತದಲ್ಲಿ ತೀರಿಕೊಂಡ.

ಈಗ ಅವನು ಕೋಚ್ ಆಗಿದ್ದ ಕ್ರೊತೋನೆ ಕಥೆಗೆ ಬರೋಣ. ದಕ್ಷಿಣ ಇಟಲಿಯ ಕಲಾಬ್ರಿಯಾದ ಪುಟ್ಟ ಊರು, 2016-17ರಲ್ಲಿ ಮೊದಲ ಸಲ ಸೀರಿ ಎ. ಇಪ್ಪತ್ತು ತಂಡಗಳಲ್ಲಿ ಕೊನೆಯ ಮೂರು ಕೆಳಗಿಳಿಯಬೇಕು. 29 ಪಂದ್ಯ ಮುಗಿದಾಗ ಇವರ ಹತ್ತಿರ ಇದ್ದದ್ದು ಬರೀ 14 ಅಂಕ. ಕಥೆ ಮುಗೀತು ಅಂತ ಎಲ್ಲರೂ ಬರೆದುಬಿಟ್ಟಿದ್ದರು. ಉಳಿದ ಒಂಬತ್ತು ಪಂದ್ಯಗಳಲ್ಲಿ 20 ಅಂಕ ಗಳಿಸಿದರು. ಇಂಟರ್‌ ತಂಡವನ್ನೂ ಸೋಲಿಸಿದರು. ಕೊನೆಯ ದಿನ ಲಾತ್ಸಿಯೋ ಮೇಲೆ 3-1 ಗೆಲುವು, ಅತ್ತ ಪಲೆರ್ಮೊದಲ್ಲಿ ಉಳಿವಿನ ಪೈಪೋಟಿಯಲ್ಲಿದ್ದ ಎಂಪೋಲಿಗೆ ಸೋಲು. ಎರಡು ಅಂಕದಲ್ಲಿ ಬಚಾವ್. ಉಳಿದುಕೊಂಡರೆ ಟ್ಯೂರಿನ್‌ವರೆಗೆ ಸೈಕಲ್ ತುಳಿಯುತ್ತೇನೆ ಎಂದು ನಿಕೋಲಾ ಮಾತು ಕೊಟ್ಟಿದ್ದ. ತುಳಿದ. ಸುಮಾರು 1300 ಕಿಲೋಮೀಟರ್, ಮಗನ ನೆನಪಿನಲ್ಲಿ.

ಆಮೇಲೆ ಇದೇ ಅವನ ಹಣೆಬರಹವಾಯಿತು. 2020ರಲ್ಲಿ ಜೆನೋವಾ, 2021ರಲ್ಲಿ ತೊರಿನೋ, 2022ರಲ್ಲಿ ಸಲೆರ್ನಿತಾನಾ, 2024ರಲ್ಲಿ ಎಂಪೋಲಿ. ಎಲ್ಲ ಕಡೆಯೂ ಸೀಸನ್ ಮಧ್ಯೆ ಹೋದ, ಎಲ್ಲ ಕಡೆಯೂ ಉಳಿಸಿದ. ಎಂಪೋಲಿಯಲ್ಲಂತೂ ಕೊನೆಯ ದಿನ, ಇಂಜುರಿ ಟೈಮ್‌ನಲ್ಲಿ ನಿಯಾಂಗ್ ಹೊಡೆದ ಗೋಲಿನಿಂದ ರೋಮಾ ವಿರುದ್ಧ 2-1. ನಮ್ಮಲ್ಲಿ ಆಗ ಮಧ್ಯರಾತ್ರಿ ದಾಟಿ ಎಷ್ಟೋ ಹೊತ್ತಾಗಿತ್ತು. ಅಂಥ ಪಂದ್ಯ ನೋಡಿದ ಮೇಲೆ ನಿದ್ದೆ ಎಲ್ಲಿಂದ ಬರಬೇಕು?

ಅದೃಷ್ಟ ಅನ್ನುವವರಿದ್ದಾರೆ. ಇರಬಹುದು. ಸಲೆರ್ನಿತಾನಾ ಕೊನೆಯ ದಿನ ಸ್ವಂತ ಮೈದಾನದಲ್ಲೇ 0-4 ಸೋತೂ ಉಳಿಯಿತು, ಕಾರಣ ಉಳಿವಿಗಾಗಿ ಪೈಪೋಟಿಯಲ್ಲಿದ್ದ ಕಾಲ್ಯಾರಿ ವೆನಿಸ್‌ನಲ್ಲಿ ಒಂದು ಗೋಲೂ ಹೊಡೆಯಲಿಲ್ಲ. ಆದರೆ ನಿಕೋಲಾ ಬಂದಾಗ ಆ ತಂಡಕ್ಕಿದ್ದದ್ದು 13 ಅಂಕ, ಮುಗಿಸಿದ್ದು 31ಕ್ಕೆ. ಅಷ್ಟನ್ನೂ ಅದೃಷ್ಟ ತಂದುಕೊಡುತ್ತದಾ?

'ಉಳಿಸೋಕೆ ಬರುತ್ತೆ, ಕಟ್ಟೋಕೆ ಬರಲ್ಲ' ಅನ್ನುವುದು ಇನ್ನೊಂದು ಮಾತು. ಇದು ನನಗೆ ಸಿಟ್ಟು ತರಿಸುತ್ತದೆ. ಕಟ್ಟಲು ಬಿಟ್ಟವರು ಯಾರು? ಜೆನೋವಾ, ತೊರಿನೋ ಎರಡೂ ಬೇಸಿಗೆಯಲ್ಲೇ ಹೊಸ ಕೋಚ್ ಹುಡುಕಿಕೊಂಡವು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ, ಅಲ್ವಾ? ಸಲೆರ್ನಿತಾನಾದಲ್ಲಿ ಮುಂದಿನ ಸೀಸನ್ ಕೆಟ್ಟಿದ್ದು ನಿಜ. ಅಟಲಾಂಟಾ ಕೈಲಿ 8-2 ತಿಂದ ಮೇಲೆ ತೆಗೆದರು, ಎರಡೇ ದಿನದಲ್ಲಿ ವಾಪಸ್ ಕರೆದರು, ಫೆಬ್ರವರಿಯಲ್ಲಿ ಮತ್ತೆ ತೆಗೆದರು. ಇಂಥ ಮಾಲೀಕರ ಕೈಕೆಳಗೆ ಯಾವ ಕೋಚ್ ಏನು ಕಟ್ಟುತ್ತಾನೆ?

2024-25ರಲ್ಲಿ ಕಾಲ್ಯಾರಿಯಲ್ಲಿ ಮೊದಲಿನಿಂದಲೇ ಜವಾಬ್ದಾರಿ ಸಿಕ್ಕಿತು. ತಂಡ 15ನೇ ಸ್ಥಾನದಲ್ಲಿ, ಕೊನೆಯ ದಿನದವರೆಗೆ ಕಾಯದೆ ಉಳಿಯಿತು. ಆದರೂ ಬೇಸಿಗೆಯಲ್ಲಿ ದಾರಿ ಬೇರೆಯಾಯಿತು. ಕ್ರೆಮೋನೆಸೆ ಕರೆಯಿತು, ಹೋದ. ಅಲ್ಲಿ ಸೀಸನ್‌ನ ಮೊದಲ ಪಂದ್ಯದಲ್ಲೇ, ಎದುರಾಳಿಯ ಮೈದಾನ ಸಾನ್ ಸಿರೋದಲ್ಲಿ, ಮಿಲಾನ್ ಮೇಲೆ 2-1 ಗೆಲುವು.