ನೀತಿಗೆ ಒಂದೇ ಗೆರೆ

ಸಕ್ಕರೆ ಡಬ್ಬಿಗೆ ಮತ್ತೆ ಇರುವೆ. ಡಬ್ಬಿಯನ್ನು ಜಗಲಿಯ ಬಿಸಿಲಿಗಿಟ್ಟು, ಅವು ಯಾವಾಗ ಜಾಗ ಖಾಲಿ ಮಾಡುತ್ತವೋ ಎಂದು ಕಾಯುತ್ತ ಕೂತಿದ್ದೆ. ಮೊಮ್ಮಗಳು ಹೋಂವರ್ಕ್ ಪುಸ್ತಕ ತಂದಳು.

"ತಾತ, ಇರುವೆ ಮಿಡತೆ ಕಥೆಯ ನೀತಿ ಏನು? ಬೇಗ ಹೇಳು."

ಉತ್ತರಕ್ಕೆಂದು ಬಿಟ್ಟಿದ್ದು ಒಂದೇ ಗೆರೆ. ಮೈ ಉರಿದುಹೋಯಿತು. ಕಥೆ ಹೇಗಿತ್ತು ಎಂದು ಕೇಳುವವರಿಲ್ಲ. ಪಾಯಸ ಪಕ್ಕಕ್ಕಿಟ್ಟು ಸಕ್ಕರೆ ಎಷ್ಟು ಚಮಚ ಎಂದು ಕೇಳಿದ ಹಾಗೆ. ಅದೂ ಇರುವೆಯಿಂದ ಕಲಿಯಬೇಕು! ಹಳೆಯ ಗ್ರೀಕ್ ಕಥೆಗಾರ ಈಸೋಪನ ಹೆಸರಿನದೇ ಇನ್ನೊಂದು ಕಥೆಯಲ್ಲಿ ಇರುವೆ ಹಿಂದೆ ಬೇಸಾಯಗಾರನಂತೆ. ತನ್ನ ಬೆಳೆ ಸಾಲದೆ ಪಕ್ಕದವರದ್ದಕ್ಕೂ ಕೈಹಾಕುತ್ತಿದ್ದ. ಜ್ಯೂಸ್ ಸಿಟ್ಟಾಗಿ ಅವನನ್ನು ಇರುವೆ ಮಾಡಿದ. ರೂಪ ಬದಲಾಯಿತು, ಚಾಳಿ ಬಿಡಲಿಲ್ಲ. ನನ್ನ ಡಬ್ಬಿಯೇ ಸಾಕ್ಷಿ.

"ಜ್ಯೂಸಾ? ಮೋಸಂಬಿದಾ?"

ಗ್ರೀಕರ ಇಂದ್ರ ಕಣೇ ಎಂದವನು ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಈಸೋಪ ಸಾಮೋಸ್ ದ್ವೀಪದ ಇಯಾಡ್ಮೋನ್ ಎಂಬವನ ಗುಲಾಮ. ಗ್ರೀಕರ ದೇಗುಲದೂರು ಡೆಲ್ಫಿಯ ಜನ ಅವನ ಮೇಲೆ ದೇವರ ಬಟ್ಟಲು ಕದ್ದ ಆರೋಪ ಹೊರಿಸಿದರು. ಆಗ ಅವನು ಹೇಳಿದ್ದು ಸಗಣಿ ಹುಳುವಿನ ಕಥೆ. ಕ್ರಿ.ಪೂ. 422ರ ಅರಿಸ್ಟೋಫೇನಿಸನ ನಾಟಕದಲ್ಲೇ ಇದರ ಮಾತು ಬರುತ್ತದೆ.

ಹದ್ದು ಅಟ್ಟಿಸಿಕೊಂಡು ಬಂದಾಗ ಮೊಲ ಸಗಣಿ ಹುಳುವಿನ ಮೊರೆಹೋಯಿತು. "ಬಿಟ್ಟುಬಿಡಪ್ಪ" ಎಂದಿತು ಹುಳು. ಇದ್ಯಾವ ಲೆಕ್ಕ ಎಂದು ಹದ್ದು ಅದರ ಕಣ್ಣೆದುರೇ ಮೊಲವನ್ನು ತಿಂದಿತು. ಹುಳು ಮರೆಯಲಿಲ್ಲ. ಹದ್ದು ಎಲ್ಲಿ ಮೊಟ್ಟೆಯಿಟ್ಟರೂ ಹತ್ತಿಹೋಗಿ ಉರುಳಿಸಿತು. ಸೋತ ಹದ್ದು ಜ್ಯೂಸನ ಮಡಿಲಲ್ಲೇ ಮೊಟ್ಟೆಯಿಟ್ಟಿತು. ಹುಳು ಉಂಡೆ ಕಟ್ಟಿ, ಹಾರಿ, ದೇವರ ಮಡಿಲಿಗೇ ಸಗಣಿ ಹಾಕಿತು! ಜ್ಯೂಸ್ ಥಟ್ಟನೆ ಎದ್ದು ಕೊಡವಿಕೊಂಡ. ಮೊಟ್ಟೆ ಪಟಪಟ ಒಡೆದವು.

ಇಷ್ಟಕ್ಕೆ ಅವಳು ಬಿದ್ದು ಬಿದ್ದು ನಕ್ಕಳು. ನಾನೂ ಎದ್ದು ಪಂಚೆ ಕೊಡವಿ ತೋರಿಸಿದೆನೆನ್ನಿ.

"ಆಮೇಲೆ ಈಸೋಪನ್ನ ಬಿಟ್ಟರಾ?"

"ಎಲ್ಲಿ ಬಿಟ್ಟರು? ಬಂಡೆ ಮೇಲಿಂದ ತಳ್ಳಿದರಂತೆ."

ಅಷ್ಟು ಚೆಂದದ ಕಥೆ ಕೇಳಿಯೂ ತಳ್ಳಿದರು. ಮುಂದೆ ಡೆಲ್ಫಿಯವರು ಅವನ ಸಾವಿಗೆ ಪರಿಹಾರ ಕೊಡುತ್ತೇವೆಂದು ಸಾರಿದಾಗ ಇಸಕೊಳ್ಳಲು ಬಂದವನು ಇಯಾಡ್ಮೋನನ ಮೊಮ್ಮಗ, ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆಯುತ್ತಾನೆ. ಗುಲಾಮ ಸತ್ತರೂ ವಸೂಲಿ ಯಜಮಾನನ ಮನೆಗೇ. ಕಥೆಗಳ ತುದಿಯ ನೀತಿವಾಕ್ಯಗಳೂ ಬಹುಪಾಲು ಆಮೇಲಿನವರು ಅಂಟಿಸಿದ ಬಾಲ. ಇದನ್ನೆಲ್ಲ ಒಂದು ಗೆರೆಯಲ್ಲಿ ಹೇಗೆ ಬರೆಸಲಿ ಎಂದು ಪುಸ್ತಕದ ಕಡೆ ಬಗ್ಗಿದೆ.

ಗೆರೆಯ ಮೇಲೆ "ಕಷ್ಟಪಟ್ಟು ದುಡಿಯಬೇಕು" ಎಂದು ಯಾವಾಗಲೋ ಬರೆದು ಮುಗಿಸಿ, ಪಕ್ಕದಲ್ಲಿ ಸಗಣಿ ಹುಳುವಿಗೆ ಕಾಲು ಬಿಡಿಸುತ್ತಿದ್ದಳು. ಏಳಾಗಿತ್ತು, ಒಂದು ಅಳಿಸು ಎಂದೆ.

ಅಷ್ಟರಲ್ಲಿ ಜಗಲಿಯ ಬಿಸಿಲು ಸರಿದಿತ್ತು. ಇರುವೆಗಳು ಸಾಲುಗಟ್ಟಿ ಡಬ್ಬಿಗೆ ವಾಪಸು ಬರುತ್ತಿದ್ದವು.