ಲೋಳೆಸರದ ಜೆಲ್ ಕೊಳ್ಳುವ ಮುನ್ನ ಡಬ್ಬಿಯ ಹಿಂಬದಿ ಓದಿ
ಪ್ರಿಸರ್ವೇಟಿವ್ (ಕೆಡದಂತೆ ಕಾಯುವ ವಸ್ತು) ಸೇರಿಸಿಲ್ಲ ಎಂದು ದೊಡ್ಡಕ್ಷರಗಳಲ್ಲಿ ಬರೆದುಕೊಂಡ ಲೋಳೆಸರದ ಜೆಲ್, ಗುಲಾಬಿ ನೀರು, ಕೇಸರಿ ಬೆರೆಸಿದ ಕ್ರೀಮುಗಳು ಈಗ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಇನ್‌ಸ್ಟಾಗ್ರಾಂ ಪುಟಗಳಲ್ಲಿ ಧಾರಾಳವಾಗಿ ಮಾರಾಟವಾಗುತ್ತಿವೆ. ಮನೆಯಲ್ಲೇ ತಯಾರಿಸಿ ಮಾರುವ ಹೆಣ್ಣುಮಕ್ಕಳ ದುಡಿಮೆಯ ಬಗ್ಗೆ ನನಗೆ ಗೌರವವಿದೆ. ಆದರೂ ಈ ಒಂದು ಹೆಗ್ಗಳಿಕೆ ನನ್ನಲ್ಲಿ ಆತಂಕ ಹುಟ್ಟಿಸುತ್ತದೆ.

ಲೋಳೆಸರದ ತಿರುಳಿನಲ್ಲಿ ಶೇ. 98ಕ್ಕೂ ಹೆಚ್ಚು ಪಾಲು ನೀರೇ ಇರುತ್ತದೆ, ಮತ್ತು ನೀರಿರುವಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆಯುತ್ತವೆ. ಗಿಡದಿಂದ ಕತ್ತರಿಸಿ ತಂದ ತಿರುಳು ಫ್ರಿಜ್ಜಿನಲ್ಲಿಟ್ಟರೂ ಕೆಲವೇ ದಿನಗಳಲ್ಲಿ ಕೆಡುವುದನ್ನು ನಾವೆಲ್ಲರೂ ನೋಡಿದ್ದೇವೆ. ಅದೇ ತಿರುಳು ಡಬ್ಬಿಯೊಳಗೆ ತಿಂಗಳುಗಟ್ಟಲೆ ಚೆನ್ನಾಗಿಯೇ ಕಾಣುತ್ತಿದೆ ಎಂದರೆ, ಒಂದೋ ಅದರಲ್ಲಿ ಹೆಸರು ಹೇಳದ ಪ್ರಿಸರ್ವೇಟಿವ್ ಇದೆ, ಇಲ್ಲವೇ ವಾಸನೆಗೂ ಬಣ್ಣಕ್ಕೂ ಸುಳಿವು ಕೊಡದಂತೆ ಸೂಕ್ಷ್ಮಾಣುಗಳು ಒಳಗೆ ಬೆಳೆಯುತ್ತಿರಬಹುದು. ವಿಟಮಿನ್ ಇ ಹಾಕಿದ್ದೇವೆ, ಅದೇ ನೈಸರ್ಗಿಕ ಪ್ರಿಸರ್ವೇಟಿವ್ ಎಂದು ಹಲವರು ಹೇಳುತ್ತಾರೆ. ವಿಟಮಿನ್ ಇ ಎಣ್ಣೆ ಕಮಟು ಹಿಡಿಯುವುದನ್ನು ನಿಧಾನಿಸಬಲ್ಲದು, ಬ್ಯಾಕ್ಟೀರಿಯಾವನ್ನು ತಡೆಯಲಾರದು. ನಾವು ಹೆದರುವ ಸೋಡಿಯಂ ಬೆಂಜೊಯೇಟ್, ಪೊಟ್ಯಾಸಿಯಂ ಸೋರ್ಬೇಟ್‌ನಂಥ ಪ್ರಿಸರ್ವೇಟಿವ್‌ಗಳು ಹಣ್ಣಿನ ಸ್ಕ್ವಾಷ್, ಜಾಮ್‌ಗಳಲ್ಲಿಯೂ ಬಳಕೆಯಾಗುವ ವಸ್ತುಗಳು. ಕಣ್ಣಿನ ಸುತ್ತ, ಒಡೆದ ಮೊಡವೆಯ ಮೇಲೆ ಹಚ್ಚುವ ಜೆಲ್‌ನಲ್ಲಿ ಅವು ಮಿತವಾಗಿ ಇರುವುದೇ ಕ್ಷೇಮ ಎಂಬುದು ನನ್ನ ಖಚಿತ ಅಭಿಪ್ರಾಯ. ನೀರು ಬೆರೆಸದ ಕೊಬ್ಬರಿ ಎಣ್ಣೆ, ಹರಳೆಣ್ಣೆ, ಸೀಗೆಪುಡಿ, ಕಡಲೆಹಿಟ್ಟುಗಳ ಮಾತು ಬೇರೆ. ಒದ್ದೆ ಕೈ ತಾಕದಂತೆ ನೋಡಿಕೊಂಡರೆ ಅವುಗಳಿಗೆ ಪ್ರಿಸರ್ವೇಟಿವ್ ಬೇಕಿಲ್ಲ.

ಇನ್ನು ಡಬ್ಬಿಯ ಮುಂಬದಿಯ ಚಿತ್ರಗಳನ್ನು ನಂಬುವ ಬದಲು ಹಿಂಬದಿಯ ಪಟ್ಟಿಯನ್ನು ಓದುವ ಅಭ್ಯಾಸ ನಮಗೆ ಬರಬೇಕು. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಶೇ. 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಅದಕ್ಕಿಂತ ಕಡಿಮೆ ಇರುವವು ಆಮೇಲೆ ಯಾವ ಕ್ರಮದಲ್ಲಾದರೂ ಬರಬಹುದು. ಫೀನಾಕ್ಸಿಎಥನಾಲ್ ಎಂಬ ಪ್ರಿಸರ್ವೇಟಿವ್ ಅನ್ನು ಶೇ. 1ಕ್ಕಿಂತ ಹೆಚ್ಚು ಬಳಸುವಂತಿಲ್ಲವಾದ್ದರಿಂದ, ಪಟ್ಟಿಯಲ್ಲಿ ಅದರ ನಂತರ ಬರುವ ಗಿಡಮೂಲಿಕೆಗಳೆಲ್ಲ ಶೇ. 1ಕ್ಕಿಂತ ಹೆಚ್ಚಿರಲಾರವು. ಗಂಧದ ಕೊರಡಿನ ಚಿತ್ರ ಮುಂದೆ ರಾರಾಜಿಸುತ್ತಿದ್ದು, ಸ್ಯಾಂಟಲಮ್ ಆಲ್ಬಮ್ ಎಂಬ ಗಂಧದ ವೈಜ್ಞಾನಿಕ ಹೆಸರು ಹಿಂದೆ ಕಟ್ಟಕಡೆಗೆ ನಿಂತಿದ್ದರೆ, ನಾವು ಬೆಲೆ ತೆರುತ್ತಿರುವುದು ಯಾವುದಕ್ಕೆ ಎಂದು ಯೋಚಿಸಬೇಕಾಗುತ್ತದೆ. ಕಸ್ತೂರಿ ಅರಿಶಿನದ್ದೂ ಇಂಥದೇ ಕಥೆ: ಅದರ ಹೆಸರಿನಲ್ಲಿ ಬೇರೆ ಜಾತಿಯ ಅರಿಶಿನವನ್ನು ಮಾರುವುದು ಮಾರುಕಟ್ಟೆಯಲ್ಲಿ ಹಳೆಯ ರೂಢಿ.

ಗಿಡದಿಂದ ಬಂದದ್ದೆಲ್ಲ ಚರ್ಮಕ್ಕೆ ಒಗ್ಗುತ್ತದೆ ಎಂಬ ನಂಬಿಕೆಗೆ ನಿಂಬೆರಸಕ್ಕಿಂತ ದೊಡ್ಡ ವಿರೋಧ ಸಾಕ್ಷಿ ಬೇಕಿಲ್ಲ. ಚರ್ಮದ ಪಿಎಚ್ (ಆಮ್ಲೀಯತೆಯ ಅಳತೆ; ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5 ಇದ್ದರೆ ನಿಂಬೆರಸದ್ದು 2ರ ಆಸುಪಾಸು. ಜೊತೆಗೆ ನಿಂಬೆಯಲ್ಲಿರುವ ಫ್ಯುರಾನೊಕೌಮರಿನ್ ಎಂಬ ರಾಸಾಯನಿಕಗಳು ಬಿಸಿಲಿನ ಅತಿನೇರಳೆ ಕಿರಣಗಳೊಂದಿಗೆ ಸೇರಿ ಚರ್ಮವನ್ನು ಸುಡುತ್ತವೆ, ಬೊಬ್ಬೆ ಎಬ್ಬಿಸುತ್ತವೆ, ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಮಾಸದ ಕಪ್ಪು ಕಲೆಯನ್ನು ಉಳಿಸುತ್ತವೆ. ಕಲೆ ಹೋಗಲೆಂದು ಹಚ್ಚಿದ್ದೇ ಕಲೆಗೆ ಕಾರಣವಾಗುವ ಈ ಸಲಹೆಯನ್ನು ವಿಡಿಯೊಗಳಲ್ಲಿ ಹಂಚುವವರು ದಯವಿಟ್ಟು ನಿಲ್ಲಿಸಬೇಕು. ಮೊಡವೆಗೆಂದು ಬಳಸುವ ಟೀ ಟ್ರೀ ಎಂಬ ಗಿಡದ ಎಣ್ಣೆಯನ್ನೂ ತೆಳುಗೊಳಿಸದೆ ನೇರವಾಗಿ ಹಚ್ಚಬಾರದು.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು, ಗಿಡಮೂಲಿಕೆಯ ಹೆಸರಿಟ್ಟುಕೊಂಡು ಬರುವ, ತಯಾರಕರ ವಿಳಾಸವೇ ಇಲ್ಲದ ಬಿಳುಪಿನ ಕ್ರೀಮುಗಳ ಬಗ್ಗೆ. ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು ಮೂತ್ರಪಿಂಡದ ಕಾಯಿಲೆಯೊಂದಿಗೆ ಬಂದ ಹಲವು ರೋಗಿಗಳಲ್ಲಿ ಇಂಥ ಕ್ರೀಮುಗಳ ಪಾದರಸವೇ ಕಾರಣವೆಂದು ಗುರುತಿಸಿದ್ದಾರೆ. ನಮ್ಮ ನಿಯಮಗಳಲ್ಲಿ ಕಣ್ಣಿನ ಪ್ರಸಾಧನಗಳನ್ನು ಬಿಟ್ಟು ಉಳಿದವುಗಳಲ್ಲಿ ಅರಿವಿಲ್ಲದೆ ಸೇರಿದ ಪಾದರಸವೂ 10 ಲಕ್ಷದಲ್ಲಿ 1 ಪಾಲನ್ನು ಮೀರುವಂತಿಲ್ಲ. ವಾರದೊಳಗೆ ಮುಖ ಬೆಳ್ಳಗಾದರೆ ಸಂತೋಷಪಡುವ ಬದಲು ಅನುಮಾನಿಸಿ, ಏಕೆಂದರೆ ಅದರಲ್ಲಿ ಪಾದರಸವಿಲ್ಲದಿದ್ದರೆ ವೈದ್ಯರ ಸಲಹೆಯಿಲ್ಲದೆ ಹಚ್ಚಬಾರದ ಸ್ಟೀರಾಯ್ಡ್ ಔಷಧ ಇರುವ ಸಾಧ್ಯತೆಯಿದೆ. ಮದುವೆ ಗೊತ್ತಾದ ಹುಡುಗಿಯರ ಕೈಗೆ ಇಂಥ ಡಬ್ಬಿಗಳನ್ನು ಕೊಡುವ ಹಿರಿಯರಿಗೆ ಇದನ್ನು ಯಾರಾದರೂ ಕೂತು ಹೇಳಬೇಕು.

ಮನೆಯಲ್ಲಿ ತಯಾರಿಸುವವರಲ್ಲಿಯೂ ನನ್ನದೊಂದು ವಿನಂತಿ. ಮಾರಾಟಕ್ಕಾಗಿ ಸೌಂದರ್ಯವರ್ಧಕ ತಯಾರಿಸಲು ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಂದ ಪರವಾನಗಿ ಬೇಕು. ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನಾಂಕ ಚೀಟಿಯ ಮೇಲಿರಬೇಕು. ಕೊಳ್ಳುವವರು ಇವನ್ನು ಸಂಕೋಚವಿಲ್ಲದೆ ಕೇಳಲಿ. ಎಲ್ಲವೂ ಸರಿಯಿದ್ದರೂ ಹೊಸ ವಸ್ತುವನ್ನು ಮೊದಲ ದಿನವೇ ಮುಖಕ್ಕೆ ಹಚ್ಚದೆ, ಮೊಣಕೈಯ ಒಳಬದಿಯಲ್ಲಿ ಬೆಳಿಗ್ಗೆ ಮತ್ತು ಸಂಜೆ, ಏಳರಿಂದ ಹತ್ತು ದಿನ ಹಚ್ಚಿ ನೋಡಿ. ಅಲರ್ಜಿ ಎಷ್ಟೋ ಸಲ ತಡವಾಗಿ ಕಾಣಿಸಿಕೊಳ್ಳುತ್ತದೆ.